ಮಾಲಿಪಾಟೀಲ ಎಂಬ ಹೆಸರಿನ ಬೆನ್ನು ಹತ್ತಿ



ಭಂಕೂರಿಗೆ ನನ್ನನ್ನು ಕರೆದವರು "ನಿಮ್ಮ ಅಡ್ಡಹೆಸರಿನ ಮೂಲ ಹುಡುಕಿದ್ದು ಹೇಳ್ರಿ" ಅಂದರು. ಈ ಹುಡುಕಾಟ ಈಗ ಬಹಳ ಮನೆಗಳಲ್ಲಿದೆ. ಬೀಗತನದ ಮಾತು ಬಂದಾಗಂತೂ ಹೆಸರು ಕೇಳುವ ನೆವದಲ್ಲಿ ಒಳಪಂಗಡ ಕೇಳುತ್ತಾರೆ. ಹಾಗಾಗಿ ಹೆಸರು ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂಬುದು ತಿಳಿದಿರಬೇಕು.

ಮಾಲಿಪಾಟೀಲ ಎಂಬುದು ಕುಲದ ಹೆಸರಲ್ಲ, ಹುದ್ದೆಯ ಹೆಸರು. 'ಮಾಲ್' ಅಂದರೆ ಕಂದಾಯ. ನಿಜಾಮರ ಆಳ್ವಿಕೆಯಲ್ಲಿ ಊರಿನ ಕಂದಾಯ ನೋಡುವವ ಮಾಲಿಪಾಟೀಲ, ಬಂದೋಬಸ್ತು ನೋಡುವವ ಪೊಲೀಸ್ ಪಾಟೀಲ. ಅಣ್ಣನಿಗೊಂದು, ತಮ್ಮನಿಗೊಂದು ಹುದ್ದೆ ಬಂದರೆ ಮೊಮ್ಮಕ್ಕಳ ಹೊತ್ತಿಗೆ ಒಂದೇ ರಕ್ತಕ್ಕೆ ಎರಡು ಅಡ್ಡಹೆಸರು. ಪಕ್ಕದೂರಿನ ಮಾಲಿಪಾಟೀಲರಿಗೂ ನಮಗೂ ಯಾವ ನಂಟೂ ಇರಬೇಕಿಲ್ಲ. ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದು ಮಾಡಲು 1961ರಲ್ಲಿ ಕಾಯ್ದೆ ಬಂತು. ಹುದ್ದೆ ಹೋಯಿತು, ಹೆಸರು ಉಳಿಯಿತು. ಶರಣರಲ್ಲೂ ಅಂಬಿಗರ ಚೌಡಯ್ಯ, ಮಡಿವಾಳ ಮಾಚಿದೇವ, ನುಲಿಯ ಚಂದಯ್ಯ ಎಂದು ಕಾಯಕವೇ ಹೆಸರಾಗಿತ್ತು. ಅನುಭವ ಮಂಟಪದಲ್ಲಿ ಅದರಿಂದ ಯಾರೂ ಮೇಲು ಕೀಳಾಗಲಿಲ್ಲ.

ಆದ್ದರಿಂದ ಹೆಸರೊಂದನ್ನೇ ಹಿಡಿದು ಹೊರಡಬೇಡಿ. ಊರು ಮತ್ತು ಹೊಲ ಹಿಡಿದು ಹೋಗಿ. ತಹಸೀಲ್ ಕಚೇರಿಯಲ್ಲಿ ಸೇತ್ವಾರ, 1954-55ರ ಖಾಸ್ರಾ ಪಹಣಿ ಕೇಳಿ. ನಿಜಾಮರ ಕಾಲದ ಕಾಗದಗಳು ಉರ್ದುವಿನಲ್ಲಿವೆ. ನನಗೆ ಊರಿನ ಹಿರಿಯ ಮುಸ್ಲಿಂ ಬಂಧುಗಳು ಕೂತು ಸಂತೋಷದಿಂದ ಓದಿ ಹೇಳಿದರು. ನಾವು ಹೂಳುವ ಜನ; ಹೊಲದ ಸಮಾಧಿಯ ಫರಸಿ ಕಲ್ಲಿನ ಮೇಲೆ ಹೆಸರಿದ್ದರೆ ಅಳಿಯುವ ಮೊದಲು ಬರೆದುಕೊಳ್ಳಿ.

ಎಲ್ಲಕ್ಕಿಂತ ಹೆಚ್ಚು ಹೇಳಿದವರು ಹೆಳವರು. ಸುಗ್ಗಿಯ ನಂತರ ಎತ್ತಿನೊಡನೆ ಮನೆಮನೆಗೆ ಬಂದು, ವಂಶಾವಳಿ ಓದಿ ಕಾಳು ಪಡೆಯುವ ಜನ. ನಮ್ಮ ಹಿರಿಯರು ಯಾವ ಊರಿನಿಂದ ಬಂದರೆಂಬುದೂ ಅವರ ಹೊತ್ತಿಗೆಯಲ್ಲಿತ್ತು. ಏಳು ತಲೆಮಾರು ಓದಿದರು. ಏಳರಲ್ಲೂ ಗಂಡಸರೇ. ವಿಧವೆಯಾಗಿ ಇಡೀ ಮನೆ ನಡೆಸಿದ ನನ್ನ ಮುತ್ತಜ್ಜಿ ಇಲ್ಲ. ಮದುವೆಯಾಗಿ ಹೋದ ಅತ್ತೆಯರು ಹುಟ್ಟಿಯೇ ಇಲ್ಲವೆಂಬಂತೆ. ಹೆಣ್ಣಿಗೂ ಇಷ್ಟಲಿಂಗ ಕೊಟ್ಟ ಧರ್ಮದವರ ಮನೆಯ ಪಟ್ಟಿ ಇದು! ಹೆಳವರದೇನೂ ತಪ್ಪಿಲ್ಲ, ಹಿರಿಯರು ಬರೆಸಿದ್ದನ್ನು ಬರೆದರು.

ನನ್ನ ಇಬ್ಬರು ಹೆಣ್ಣುಮಕ್ಕಳ ಹೆಸರು ಬರೆಯಿರಿ ಅಂದೆ. "ಗೌಡ್ರ, ಇವರನ್ನ ಯಾವ ಸಾಲಿಗಿ ಹಚ್ಚಲಿ?" ಅಂದರು. ನನ್ನ ಹೆಸರಿನ ಕೆಳಗೇ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಬರೆದರು. ಮುತ್ತಜ್ಜಿಗೂ ಅಂಚಿನಲ್ಲಿ ಜಾಗ ಮಾಡಿದರು. ಈ ಸುಗ್ಗಿಗೆ ನಿಮ್ಮ ಮನೆಗೆ ಬಂದಾಗ ನೀವೂ ಬರೆಸಿರಿ; ಜೋಳ ಒಂದು ಸೇರು ಹೆಚ್ಚಿಗೆ ಹಾಕಿರಿ.