ಜಿಗರ್ ಮತ್ತು ಪಿತ್ತರಸ: ಇಲಿಗಳು ಕಲಿಸಿದ ಪಾಠ

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ನಾನು ವಿಜ್ಞಾನದ ಶಿಕ್ಷಕನಲ್ಲ, ಉರ್ದು ಮತ್ತು ಕನ್ನಡ ಕಲಿಸುವವನು. ಆದ್ದರಿಂದ ಪದದಿಂದಲೇ ಆರಂಭಿಸುತ್ತೇನೆ. ಉರ್ದುವಿನಲ್ಲಿ ಯಕೃತ್ತಿಗೆ ‘ಜಿಗರ್’ ಎನ್ನುತ್ತೇವೆ. ಧೈರ್ಯಕ್ಕೂ ಅದೇ ಮಾತು, ಪ್ರೀತಿಗೂ ಅದೇ ಮಾತು. ಕನ್ನಡವಾದರೋ ‘ಪಿತ್ತಜನಕಾಂಗ’ ಎಂದು ಕರೆದು ಅದರ ಕೆಲಸವನ್ನೇ ಹೇಳಿಬಿಟ್ಟಿದೆ. ಕೋಳಿ ಶುಚಿ ಮಾಡುವಾಗ ಲಿವರ್‌ಗೆ ಅಂಟಿದ ಹಸಿರು ಚೀಲ ಒಡೆಯದಂತೆ ತಾಯಂದಿರು ಎಚ್ಚರ ವಹಿಸುತ್ತಾರೆ. ಒಡೆದರೆ ಸಾರೆಲ್ಲ ಕಹಿ. ಆ ರಸದಲ್ಲಿರುವುದೇ ಪಿತ್ತಾಮ್ಲಗಳು.

ಯಕೃತ್ತು ಇವುಗಳನ್ನು ಕೊಲೆಸ್ಟರಾಲ್‌ನಿಂದ ತಯಾರಿಸುತ್ತದೆ. ಸಾಬೂನು ಜಿಡ್ಡನ್ನು ಬಿಡಿಸುವಂತೆ ಅವು ಕರುಳಿನಲ್ಲಿ ಕೊಬ್ಬನ್ನು ಬಿಡಿಸುತ್ತವೆ. ಕೆಲಸ ಮುಗಿದ ಮೇಲೆ ಶೇಕಡಾ 95ರಷ್ಟು ರಕ್ತದ ಮೂಲಕ ಯಕೃತ್ತಿಗೇ ಮರಳುತ್ತವೆ.

ಇದರ ಅಧ್ಯಯನಕ್ಕೂ ನಮ್ಮ ರಾಜ್ಯಕ್ಕೂ ನಂಟಿದೆ. ಮೈಸೂರಿನ ಸಿಎಫ್‌ಟಿಆರ್‌ಐ ಸಂಸ್ಥೆಯಲ್ಲಿ ಎಂ. ವಿಜಯಕುಮಾರ್ ಮತ್ತು ಸಂಗಡಿಗರು ಇಲಿಗಳಿಗೆ ತುಪ್ಪ ತಿನ್ನಿಸಿ, ಪಿತ್ತಾಮ್ಲಗಳ ಸ್ರಾವ ಹೆಚ್ಚಿದ್ದನ್ನೂ ರಕ್ತದ ಕೊಲೆಸ್ಟರಾಲ್ ಇಳಿದದ್ದನ್ನೂ 2000ದಲ್ಲಿ ಪ್ರಕಟಿಸಿದರು. ಮುಂದೆ ಅಮೆರಿಕಕ್ಕೆ ಹೋದ ವಿಜಯಕುಮಾರ್ ಅವರ ತಂಡ 2018ರಲ್ಲಿ ‘ಸೆಲ್’ ಪತ್ರಿಕೆಯಲ್ಲಿ ಮತ್ತೊಂದು ಸಂಶೋಧನೆ ಪ್ರಕಟಿಸಿತು. ಬ್ಯಾಕ್ಟೀರಿಯಾಗಳನ್ನು ಗುರುತಿಸುವ ಒಂದು ಪ್ರೋಟೀನ್ ಇಲ್ಲದ ಇಲಿಗಳಿಗೆ ಇನುಲಿನ್ ಎಂಬ ಶುದ್ಧೀಕರಿಸಿದ ನಾರನ್ನು ಆಹಾರದಲ್ಲಿ ಬೆರೆಸಿ ಕೊಟ್ಟರು. ಆರು ತಿಂಗಳಲ್ಲಿ ಹಲವು ಇಲಿಗಳಿಗೆ ಕಾಮಾಲೆಯೂ ಯಕೃತ್ತಿನ ಕ್ಯಾನ್ಸರೂ ಬಂದವು! ಅವುಗಳ ರಕ್ತದಲ್ಲಿ ಪಿತ್ತಾಮ್ಲ ತುಂಬಿತ್ತು. ಕರುಳಿನಲ್ಲಿ ಪಿತ್ತಾಮ್ಲವನ್ನು ಹಿಡಿದಿಡುವ ಕೊಲೆಸ್ಟೈರಮಿನ್ ಔಷಧ ಕೊಟ್ಟಾಗ ಇಲಿಗಳಿಗೆ ರಕ್ಷಣೆ ಸಿಕ್ಕಿತು.

ಹಾಗಾದರೆ ನಾರು ವಿಷವೇ? ಇಲ್ಲಿಯೇ ನಾವು ಎಡವುವುದು. ಎಲ್ಲ ಇಲಿಗಳಿಗೂ ರೋಗ ಬರಲಿಲ್ಲವೇಕೆ ಎಂದು ಅದೇ ತಂಡ ಹುಡುಕುತ್ತಾ ಹೋಯಿತು. ಕೆಲವು ಇಲಿಗಳಲ್ಲಿ ಹುಟ್ಟಿನಿಂದಲೇ ಒಂದು ರಕ್ತನಾಳ ಅಡ್ಡದಾರಿ ಹಿಡಿದಿತ್ತು ಎಂಬುದು 2022ರಲ್ಲಿ ಪ್ರಕಟವಾಯಿತು. ಕರುಳಿನ ರಕ್ತ ಯಕೃತ್ತನ್ನು ಬಿಟ್ಟು ನೇರವಾಗಿ ಮೈಗೆ ಹರಿಯುತ್ತಿತ್ತು. ಮನೆಗೆ ಮರಳಬೇಕಾದ ಪಿತ್ತಾಮ್ಲ ಬೀದಿಪಾಲಾಗಿತ್ತು. ಇನುಲಿನ್‌ನಿಂದ ಕೆಟ್ಟದ್ದು ಅಂತಹ ಇಲಿಗಳಿಗೆ.

ವಿದ್ಯಾರ್ಥಿಗಳೇ, ಪತ್ರಿಕೆಯಲ್ಲಿ ‘ಇದು ತಿಂದರೆ ಕ್ಯಾನ್ಸರ್’ ಎಂಬ ತಲೆಬರಹ ಕಂಡರೆ ಮೂರು ಪ್ರಶ್ನೆ ಕೇಳಿ: ಯಾವ ಪ್ರಾಣಿಯಲ್ಲಿ? ಯಾವ ಸ್ಥಿತಿಯಲ್ಲಿ? ಎಷ್ಟು ಪ್ರಮಾಣದಲ್ಲಿ? ಇಲಿಯಲ್ಲಿ ಕಂಡದ್ದು ಮನುಷ್ಯನಿಗೆ ಸುಳಿವು, ತೀರ್ಪಲ್ಲ. ಬಸಳೆ, ಹರಿವೆ, ಕಾಳುಗಳನ್ನು ಧೈರ್ಯವಾಗಿ ತಿನ್ನಿ. ಆದರೆ ಲಿವರ್ ಕಾಯಿಲೆ ಇದ್ದವರು ಜಾಹೀರಾತು ನೋಡಿ ನಾರಿನ ಪುಡಿ ಕೊಳ್ಳುವ ಮುನ್ನ ವೈದ್ಯರನ್ನು ಕೇಳಲಿ.

ಪೋಷಕರೇ, ಕಣ್ಣು ಹಳದಿಯಾದರೆ ನಾಟಿ ಔಷಧ ಹುಡುಕುತ್ತಾ ವಾರಗಟ್ಟಲೆ ಕಳೆಯಬೇಡಿ. ಕಾಮಾಲೆ ರೋಗದ ಲಕ್ಷಣ; ಕಾರಣವನ್ನು ರಕ್ತಪರೀಕ್ಷೆ ಹೇಳಬೇಕು. ಮನುಷ್ಯರಲ್ಲಿ ಯಕೃತ್ತಿನ ಕ್ಯಾನ್ಸರಿಗೆ ದೊಡ್ಡ ಕಾರಣಗಳಲ್ಲೊಂದು ಹೆಪಟೈಟಿಸ್ ಬಿ ವೈರಸ್. ಅದಕ್ಕೆ ಲಸಿಕೆ ಇದೆ, ಸರಕಾರಿ ಆಸ್ಪತ್ರೆಯಲ್ಲಿ ಮಕ್ಕಳಿಗೆ ಉಚಿತ, ಹುಟ್ಟಿದ 24 ಗಂಟೆಯೊಳಗೆ ಮೊದಲ ಡೋಸ್. ಮಕ್ಕಳನ್ನು ಜಿಗರಿನ ತುಂಡು ಎನ್ನುವ ನಾವು ಅವರ ಜಿಗರನ್ನೂ ಕಾಯಬೇಕಲ್ಲವೇ?

ಮೈಸೂರಿನ ಪ್ರಯೋಗಾಲಯದಲ್ಲಿ ತುಪ್ಪದಿಂದ ಆರಂಭವಾದ ಒಂದು ಪ್ರಶ್ನೆ ಅಷ್ಟು ದೂರ ಹೋಯಿತು. ಮುಂದಿನ ಪ್ರಶ್ನೆಯನ್ನು ಕೇಳುವ ಹುಡುಗಿಯೋ ಹುಡುಗನೋ ಈ ಸಭೆಯಲ್ಲಿಯೇ ಕುಳಿತಿರಲಿ ಎಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ.