ಹಬ್ಬದ ಮನೆಯಲ್ಲಿ ದುಃಖಕ್ಕೂ ಜಾಗ

ನವರಾತ್ರಿಯ ಹಿಂದಿನ ದಿನ ಮಹಾಲಯ ಅಮಾವಾಸ್ಯೆ. ಕರ್ನಾಟಕದ ಅನೇಕ ಮನೆಗಳಲ್ಲಿ ಅಂದು ತೀರಿಕೊಂಡ ಹಿರಿಯರಿಗೆ ಎಡೆ ಇಡುತ್ತಾರೆ. ಅವರು ಇಷ್ಟಪಟ್ಟು ಉಣ್ಣುತ್ತಿದ್ದ ಅಡುಗೆ, ಹೊಸ ಪಂಚೆ, ಸೀರೆ, ಎಲೆ ಅಡಿಕೆ ಎಲ್ಲವನ್ನೂ ಜೋಡಿಸಿ, ಹೆಸರು ಹಿಡಿದು ನೆನೆಯುತ್ತಾರೆ. ಕಣ್ಣೊರೆಸಿಕೊಂಡರೆ ಯಾರೂ ಬೇಡ ಎನ್ನುವುದಿಲ್ಲ. ದಸರೆಯ ಸಡಗರ ಮರುದಿನದಿಂದ.

ದೀಪಾವಳಿಯ ಹೊತ್ತಿಗೆ ಈ ಸಲುಗೆ ಮಾಯವಾಗುತ್ತದೆ. ಗಂಡನನ್ನು ಕಳೆದುಕೊಂಡವರಿಗೆ, ಮಗನ ಕೆಲಸ ಹೋದ ಮನೆಯವರಿಗೆ, ಸಾಲ ಮಾಡಿ ಅಳಿಯನ ಮೊದಲ ದೀಪಾವಳಿ ನಡೆಸಬೇಕಾದ ತಂದೆಗೆ ಎಲ್ಲರೂ ಹೇಳುವುದು ಒಂದೇ ಮಾತು: ‘ಹಬ್ಬದ ದಿನ ಮುಖ ಸಪ್ಪಗೆ ಮಾಡಿಕೊಂಡು ಕೂರಬೇಡಿ.’ ಹಾಗೆ ಹೇಳಿದವರ ಉದ್ದೇಶ ಒಳ್ಳೆಯದೇ. ಕೇಳಿದವರು ಮಾತ್ರ ಸಂಕಟದ ಜೊತೆಗೆ ನಾಚಿಕೆಯನ್ನೂ ಹೊರಬೇಕಾಗುತ್ತದೆ.

ಅಗಲಿಕೆಯ ದುಃಖ ಕಾಯಿಲೆಯಲ್ಲ.

ಅದು ಆರು ತಿಂಗಳು ದಾಟಿಯೂ ತೀವ್ರವಾಗಿಯೇ ಉಳಿದು, ದಿನದ ಕೆಲಸಗಳನ್ನೇ ಕೆಡಿಸುತ್ತಿದ್ದರೆ ಮಾತ್ರ ಕಾಯಿಲೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿ. ಆದರೆ ದುಃಖದಲ್ಲಿರುವವರ ಸಮುದಾಯದ ರೂಢಿಯನ್ನೂ ಗಮನಿಸಬೇಕು ಎಂದು ಅದೇ ಪಟ್ಟಿ ಹೇಳುತ್ತದೆ. ಸಾವಾದ ಮನೆಯಲ್ಲಿ ಒಂದು ವರ್ಷ ಹಬ್ಬ ಬೇಡ ಎಂಬ ನಮ್ಮ ಕಡೆಯ ರೂಢಿಯಲ್ಲಿ ದುಃಖಕ್ಕೆ ಕಾಲ ಕೊಡುವ ವಿವೇಕವಿದೆ. ‘ಅವರಿಗೆ ಹಬ್ಬವಿಲ್ಲ’ ಎಂದು ನೆರೆಯವರು ಆ ಮನೆಯ ಹೊಸ್ತಿಲು ತುಳಿಯುವುದನ್ನೇ ಬಿಟ್ಟರೆ, ವಿಧವೆಯನ್ನು ಅರಿಸಿನ ಕುಂಕುಮದಿಂದ ದೂರ ಇಟ್ಟರೆ, ಅದೇ ರೂಢಿ ಒಂಟಿತನದ ಶಿಕ್ಷೆಯಾಗುತ್ತದೆ.

ಈಗಾಗಲೇ ಮನೋರೋಗಕ್ಕೆ ಔಷಧಿ ತೆಗೆದುಕೊಳ್ಳುವವರ ಬಗ್ಗೆ ಹಬ್ಬದಲ್ಲಿ ಹೆಚ್ಚು ಎಚ್ಚರ ಬೇಕು. ಊರಿಗೆ ಹೊರಡುವ ಗಡಿಬಿಡಿಯಲ್ಲಿ ಮಾತ್ರೆ ಮರೆಯುವುದುಂಟು. ಬೈಪೋಲಾರ್ ಕಾಯಿಲೆ ಇರುವವರಲ್ಲಿ ಸತತ ನಿದ್ದೆಗೇಡು ಉನ್ಮಾದವನ್ನು ಕೆರಳಿಸಬಹುದು. ಲಿಥಿಯಂ ಮಾತ್ರೆ ಸೇವಿಸುವವರು ನೀರೂ ಕುಡಿಯದೆ ಉಪವಾಸವಿದ್ದರೆ ರಕ್ತದಲ್ಲಿ ಅದರ ಪ್ರಮಾಣ ಅಪಾಯದ ಮಟ್ಟಕ್ಕೇರಬಹುದು. ಜಾಗರಣೆ, ಉಪವಾಸಕ್ಕೆ ಮೊದಲು ವೈದ್ಯರನ್ನು ಒಂದು ಮಾತು ಕೇಳುವುದು ಮೇಲು. ಮನೆಮಂದಿಯೂ ಉಪವಾಸ, ಜಾಗರಣೆಗೆ ಒತ್ತಾಯ ಮಾಡಬಾರದು.

ಹಬ್ಬದ ದಿನ ಕ್ಲಿನಿಕ್ ಮುಚ್ಚಿದ್ದರೂ ನೆರವು ಸಿಗುತ್ತದೆ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸೇವೆಯ ಸಂಖ್ಯೆ 14416. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಬದುಕೇ ಬೇಡ ಎನಿಸಿದವರು ಬೆಳಗಾಗಲಿ ಎಂದು ಕಾಯದೆ ಕೂಡಲೇ ಕರೆ ಮಾಡಬೇಕು.

ಈ ದೀಪಾವಳಿಗೆ ನಿಮ್ಮ ಬೀದಿಯಲ್ಲಿ ಹಬ್ಬವಿಲ್ಲದ ಮನೆಯೊಂದಿದ್ದರೆ ದಯವಿಟ್ಟು ಅಲ್ಲಿಗೆ ಹೋಗಿ. ಬುದ್ಧಿಮಾತು ಬೇಡ. ತೀರಿಕೊಂಡವರ ಹೆಸರು ಹೇಳಿ ಮಾತು ತೆಗೆಯಿರಿ, ಮನೆಯವರು ಅತ್ತರೆ ಅಳಲು ಬಿಡಿ, ಸ್ವಲ್ಪ ಹೊತ್ತು ಜೊತೆಗೆ ಕೂತು ಬನ್ನಿ.