ಹೊರಗಿನ ಕಾರು, ಮನೆಯ ಲೆಕ್ಕ



ಕಳೆದ ಅರಸಿನ ಕುಂಕುಮದ ದಿನ ನಾನು ಕಾರು ಕೊಳ್ಳುವ ಮಾತೆತ್ತಿದಾಗ ನಿಮ್ಮಲ್ಲಿ ನಾಲ್ಕೈದು ಮಂದಿ, "ದಿಲ್ಲಿ ಕಾರು ಅಗ್ಗವಂತೆ, ತಗೊಳ್ಳಬಹುದಾ?" ಎಂದು ಕೇಳಿದಿರಿ. ಇವತ್ತಿನ ನನ್ನ ಮಾತು ಅದಕ್ಕೇ ಉತ್ತರ. ನಾನೇನೂ ಕಾರಿನ ಪರಿಣತೆಯಲ್ಲ. ಘೋಡಬಂದರ್ ರಸ್ತೆಯಲ್ಲಿ ಹದಿನಾಲ್ಕು ವರ್ಷದಿಂದ ಇದ್ದೇನೆ. ಅತ್ತೆಯವರನ್ನು ಡಾಕ್ಟರ ಬಳಿ ಕರೆದೊಯ್ಯಲು ಮಾನ್ಪಾಡಾದಲ್ಲಿ ರಿಕ್ಷಾಗಳಿಗೆ ಕೈ ತೋರಿಸಿ ತೋರಿಸಿ ಸಾಕಾಗಿ, ಟ್ಯೂಷನ್ ಹಣ ಕೂಡಿಟ್ಟ ಗೃಹಿಣಿ, ಅಷ್ಟೆ.

ಸಿಂಗಾಪುರದಲ್ಲಿರುವ ನನ್ನ ತಂಗಿ 'ಪ್ಯಾರಲಲ್ ಇಂಪೋರ್ಟ್' ಕಾರು ಕೊಂಡಿದ್ದಾಳೆ. ಅಂದರೆ ಕಂಪನಿಯ ಅಧಿಕೃತ ಏಜೆಂಟರನ್ನು ಬಿಟ್ಟು ಬೇರೆ ವ್ಯಾಪಾರಿ ಹೊರದೇಶದಿಂದ ತರಿಸಿದ ಕಾರು. ಬೆಲೆ ಕಡಿಮೆ. ಆದರೆ ವಾರಂಟಿ ಕೊಡುವವನೂ ಆ ವ್ಯಾಪಾರಿಯೇ; ಅವನು ಅಂಗಡಿ ಮುಚ್ಚಿದರೆ ವಾರಂಟಿಯೂ ಮುಚ್ಚಿದ ಹಾಗೆ. ನಮ್ಮಲ್ಲಿ ಇದು ಸುಲಭವಲ್ಲ. ಹೊರದೇಶದಿಂದ ತರುವ ಬಳಸಿದ ಕಾರು ಮೂರು ವರ್ಷಕ್ಕಿಂತ ಹಳೆಯದಾಗಿರಬಾರದು, ಸ್ಟೇರಿಂಗ್ ಬಲಗಡೆ ಇರಬೇಕು, ಸುಂಕವಂತೂ ಭಾರಿ. ಹಾಗಾಗಿ ನಮ್ಮಂಥವರಿಗೆ ಹೊರಗಿನ ಕಾರು ಎಂದರೆ ಹೊರರಾಜ್ಯದ ಕಾರು.

ನಾನು ನೋಡಿದ್ದು ದಿಲ್ಲಿ ನಂಬರಿನ, ಎಂಟು ವರ್ಷದ ಡೀಸೆಲ್ ಕಾರು. ಅಂಥದೇ ಎಂಎಚ್-04 ಕಾರಿಗಿಂತ 1,50,000 ರೂಪಾಯಿ ಕಡಿಮೆ. ಏಕೆ ಅಗ್ಗ? ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ದಿಲ್ಲಿ ವಲಯದಲ್ಲಿ ಓಡಬಾರದೆಂದು ಹಸಿರು ನ್ಯಾಯಮಂಡಳಿ 2015ರಲ್ಲಿ ಹೇಳಿತು. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆಗಿನ ಆ ನಿಯಮದಂತೆ ಅಲ್ಲಿ ಎರಡೇ ವರ್ಷ ಆಯುಷ್ಯ ಉಳಿದಿದ್ದ ಕಾರಿಗೆ ಇಲ್ಲಿ ನೋಂದಣಿಯ ಪ್ರಕಾರ ಇನ್ನೂ ಏಳು ವರ್ಷ ಇತ್ತು. ಅದು ನಿಜವಾದ ಲಾಭವೇ ಆಗಿತ್ತು, ಮೋಸವೇನಲ್ಲ.

ಇನ್ನು ಖರ್ಚು. ಹೊರರಾಜ್ಯದ ಗಾಡಿ ಇಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇದ್ದರೆ ಇಲ್ಲಿನ ನಂಬರು ಪಡೆಯಲೇಬೇಕು. ಅದಕ್ಕೆ ಅಲ್ಲಿಂದ ಎನ್‌ಒಸಿ ಬೇಕು, ಇಲ್ಲಿನ ರಸ್ತೆ ತೆರಿಗೆ ಕಟ್ಟಬೇಕು. ನಾನು ಕಾಲನಿರ್ಣಯದ ಹಿಂಬದಿಯಲ್ಲಿ ಲೆಕ್ಕ ಬರೆದೆ. ತೆರಿಗೆ ಸುಮಾರು 70,000, ಟಯರು ಬ್ಯಾಟರಿ 30,000, ಎನ್‌ಒಸಿ ಓಡಾಟ, ಏಜೆಂಟು, ಹೊಸ ನಂಬರು ಪ್ಲೇಟು ಸೇರಿ 20,000. ಒಂದೂವರೆ ಲಕ್ಷದಲ್ಲಿ ಉಳಿದದ್ದು 30,000.

ಮಾರುವವನು ಮಾತ್ರ, "ಮೇಡಂ, ಫಾರ್ಮ್ 29, 30ರಲ್ಲಿ ಹಳೆಯ ಮಾಲೀಕರ ಸಹಿ ಇದೆ. ವರ್ಷವಿಡೀ ಹಾಗೇ ಓಡಿಸಿ, ಹೆಸರು ಆಮೇಲೆ ಬದಲಿಸಿದರಾಯಿತು" ಎಂದ. ಅದನ್ನು ಕೇಳಿ ನನ್ನ ಎದೆ ಧಸಕ್ಕೆಂದಿತು.

ಏಕೆಂದರೆ ಆರು ವರ್ಷದ ಹಿಂದೆ ಅಂಥದೇ ಫಾರ್ಮುಗಳಿಗೆ ಸಹಿ ಹಾಕಿ ಕೊಟ್ಟವಳು ನಾನು. ನಮ್ಮ ಹಳೆಯ ಕಾರನ್ನು ಒಬ್ಬ ದಲ್ಲಾಳಿಗೆ ಮಾರಿದೆವು. ಆರ್‌ಸಿ ನನ್ನ ಹೆಸರಲ್ಲಿತ್ತು. ಕೊಂಡವರು ಹೆಸರು ಬದಲಿಸಲೇ ಇಲ್ಲ. ಮೊದಲು ದಂಡದ ಮೆಸೇಜುಗಳು ಬಂದವು. ಆಮೇಲೆ ಒಂದು ರಾತ್ರಿ ಪೊಲೀಸರ ಫೋನು: "ನಿಮ್ಮ ಕಾರು ಒಬ್ಬರಿಗೆ ಗುದ್ದಿದೆ." ಪೆಟ್ಟು ಸಣ್ಣದು, ಪುಣ್ಯಕ್ಕೆ ಆ ಮನುಷ್ಯ ಉಳಿದರು. ಆದರೆ ಆ ರಾತ್ರಿ ನಾವು ಯಾರೂ ನಿದ್ದೆ ಮಾಡಲಿಲ್ಲ. ಗಾಡಿ ಮಾರಿದ್ದರೂ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆಯೂ ಅವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ ಎಂದು ಆಮೇಲೆ ವಕೀಲರಿಂದ ತಿಳಿಯಿತು.

ದಿಲ್ಲಿಯ ಆ ಫಾರ್ಮಿನಲ್ಲಿದ್ದದ್ದೂ ಒಬ್ಬ ಹೆಂಗಸಿನ ಸಹಿಯೇ. ನಾನು ಅನುಭವಿಸಿದ್ದನ್ನು ಅವರ ತಲೆಗೆ ಕಟ್ಟಿ 30,000 ಉಳಿಸಲು ಮನಸ್ಸು ಬರಲಿಲ್ಲ. ಇಲ್ಲಿನದೇ ಒಂದು ಸಣ್ಣ ಪೆಟ್ರೋಲ್ ಕಾರು ಕೊಂಡೆ.

ಹಾಗೆಂದು ಹೊರಗಿನ ಕಾರು ಬೇಡವೇ ಬೇಡ ಎನ್ನುತ್ತಿಲ್ಲ. ಊರಿನಲ್ಲಿ ಅಣ್ಣನೋ ಮಾವನೋ ಚೆನ್ನಾಗಿ ಇಟ್ಟುಕೊಂಡ ಕೆಎ-20 ಕಾರು ಇದ್ದರೆ ಧಾರಾಳವಾಗಿ ತನ್ನಿ. ಆದರೆ ಕರಾವಳಿಯ ಉಪ್ಪುಗಾಳಿಗೆ ತಳ ತುಕ್ಕು ಹಿಡಿದಿದೆಯೇ ಎಂದು ಎತ್ತಿಸಿ ನೋಡಿ. ಎನ್‌ಒಸಿ ಕೈಗೆ ಬಂದ ಮೇಲೆಯೇ ಪೂರ್ತಿ ಹಣ ಕೊಡಿ. ಬ್ಯಾಂಕ್ ಸಾಲ ತೀರಿದೆಯೇ, ದಂಡ ಬಾಕಿ ಇದೆಯೇ ಎಂದು ಪರಿವಾಹನ್ ತಾಣದಲ್ಲಿ ನೋಡಿಕೊಳ್ಳಿ. ವಿಮೆಯನ್ನು ಹದಿನಾಲ್ಕು ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಹಾಕಿ. ಇಲ್ಲದಿದ್ದರೆ ನಿಮ್ಮ ಕಾರಿಗಾದ ನಷ್ಟ ಸಿಗುವುದು ಕಷ್ಟ. ಹಳೆಯ ರಾಜ್ಯದಿಂದ ತೆರಿಗೆಯ ಉಳಿದ ಪಾಲು ಕೇಳಬಹುದು, ಆದರೆ ಇಲ್ಲಿ ಕಟ್ಟಿ ನೋಂದಾಯಿಸಿದ ಮೇಲೆ. ಅಷ್ಟು ಹಣ ಮೊದಲು ಕೈಯಲ್ಲಿರಬೇಕು.

ಕೊನೆಯದಾಗಿ ಒಂದು ಮಾತು. ಮನೆಯ ಕಾಗದಪತ್ರವೆಲ್ಲ "ಅವರು ನೋಡಿಕೊಳ್ಳುತ್ತಾರೆ" ಎಂದು ಬಿಡುವ ಅಭ್ಯಾಸ ನಮಗಿದೆ. ಸಹಿ ನಮ್ಮದಾದರೆ ಓದುವ ಕೆಲಸವೂ ನಮ್ಮದೇ. ಕಾರು ಓಡಿಸಲು ಕಲಿಯುವ ಮೊದಲು ಆರ್‌ಸಿ ಓದಲು ಕಲಿಯೋಣ.